‘ಮೈಕೈ ತುಂಬಿಕೊಂಡನು’ ಎಂಬ ನುಡಿಯ ವಿಚಾರ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಬರಗಾಲವನ್ನು ಬಲ್ಲ ಸೀಮೆಗಳು. ಇಂಥಲ್ಲಿ ‘ಮೈಕೈ ತುಂಬಿಕೊಂಡನು’ ಎಂಬುದು ಆರೋಗ್ಯದ ಪ್ರಶಂಸೆಯಾಗಿ ಸಲ್ಲುವುದು ಸಹಜವೇ. ಆದರೆ ಚಿತ್ತವಿಕಲತೆಗೆ ಬಹುಕಾಲ ಔಷಧ ಸೇವಿಸುವವರ ವಿಷಯದಲ್ಲಿ ಈ ನುಡಿಯು ಭ್ರಾಂತಿಯನ್ನುಂಟುಮಾಡುತ್ತದೆ. ಕ್ಲೋಜಪೀನ್, ಒಲಾಂಜಪೀನ್ ಮೊದಲಾದವು ಹಸಿವನ್ನು ಕೆರಳಿಸಿ, ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸಬಲ್ಲವು. ಹೊಟ್ಟೆಯಲ್ಲಿ ಸಂಚಿತವಾದ ಕೊಬ್ಬು ಉರಿಯೂತಕಾರಕ ದ್ರವ್ಯಗಳನ್ನು ಸ್ರವಿಸುತ್ತದೆ. ನೆರೆಯವರು ಗುಣವೆಂದು ಹೊಗಳಿದುದೇ ಹೃದ್ರೋಗಕ್ಕೆ ಪೀಠಿಕೆಯಾಗಬಹುದು. ‘ಅಡ್ಡಪರಿಣಾಮ’ವೆಂಬ ಗ್ರಂಥಸ್ಥ ಪದವೂ ನಿರ್ದುಷ್ಟವಲ್ಲ; ಗೌಣವೆಂಬ ಧ್ವನಿ ಅದರಲ್ಲಿದೆ. ತೂಕ, ಸಕ್ಕರೆಗಳನ್ನು ಔಷಧಾರಂಭದಲ್ಲಿಯೂ 3 ತಿಂಗಳ ತರುವಾಯವೂ ನೋಡಬೇಕೆಂದು ಅಮೆರಿಕೆಯ ವೈದ್ಯಸಂಘಗಳು 2004ರಲ್ಲಿಯೇ ವಿಧಿಸಿದವು. ಔಷಧವನ್ನು ತಾನಾಗಿ ತ್ಯಜಿಸುವುದಾದರೋ ರೋಗವನ್ನು ಮರಳಿ ಕರೆದಂತೆ. ಆದಕಾರಣ ನಮ್ಮ ಆರೋಗ್ಯಗ್ರಂಥಕಾರರು ಬೆದರಿಸದೆ, ಮರೆಮಾಚದೆ, ‘ಮೈ ತುಂಬಿತೆ? ತೂಗಿಸಿ, ವೈದ್ಯರಿಗೆ ತಿಳಿಸಿರಿ’ ಎಂದು ತಿಳಿಗನ್ನಡದಲ್ಲಿ ಬರೆಯುವುದು ಉಚಿತ.