ಲೆಸ್ಟರ್ ಯಂಗನ ವಾದನದಲ್ಲಿ ಮಾರ್ಗಭೇದ

ಕದ್ರಿ ಗೋಪಾಲನಾಥರ ದೆಸೆಯಿಂದ ಕನ್ನಡಿಗರಿಗೆ ಪರಿಚಿತವಾದ ಸ್ಯಾಕ್ಸೊಫೋನ್ ಎಂಬ ಸುಷಿರವಾದ್ಯವು ಅಮೆರಿಕದ ಜಾಝ್ ಸಂಗೀತದಲ್ಲಿ ಪ್ರಧಾನಸ್ಥಾನವನ್ನು ಪಡೆದಿದೆ. ಆ ಸಂಗೀತದ ‘ಸ್ವಿಂಗ್’ ಯುಗದಲ್ಲಿ, ಎಂದರೆ ಸುಮಾರು 1935ರಿಂದ 1945ರವರೆಗೆ, ಟೆನರ್ ಸ್ಯಾಕ್ಸೊಫೋನಿಗೆ ಆಚಾರ್ಯರೆನಿಸಿದವರು ಇಬ್ಬರು: ಕೋಲ್ಮನ್ ಹಾಕಿನ್ಸ್ (1904–1969) ಮತ್ತು ಲೆಸ್ಟರ್ ಯಂಗ್ (1909–1959). ಇವರಲ್ಲಿ ಯಂಗನ ನಾದವು ಕೃಶವೆಂಬ ಆಕ್ಷೇಪವು ಮೊದಲಿನಿಂದಲೂ ಉಂಟು. ಆ ಕೃಶತೆಯು ದೋಷವೋ ಗುಣವೋ ಎಂಬುದೇ ಪ್ರಕೃತ ವಿಚಾರ.

1934ರಲ್ಲಿ ಹಾಕಿನ್ಸನು ಫ್ಲೆಚರ್ ಹೆಂಡರ್ಸನನ ಮೇಳವನ್ನು ಬಿಟ್ಟು ಯೂರೋಪಿಗೆ ತೆರಳಲು, ಆ ಸ್ಥಾನಕ್ಕೆ ಯಂಗನು ಬಂದನು. ಹಾಕಿನ್ಸನ ತುಂಬುನಾದಕ್ಕೆ ಒಗ್ಗಿದ್ದ ಸಹವಾದಕರಿಗೆ ಇವನ ನಾದವು ರುಚಿಸಲಿಲ್ಲ. ಹೆಂಡರ್ಸನನ ಪತ್ನಿಯು ಹಾಕಿನ್ಸನ ಧ್ವನಿಮುದ್ರಿಕೆಗಳನ್ನು ಕೇಳಿಸಿ, ಹಾಗೆಯೇ ನುಡಿಸಬೇಕೆಂದು ಬೋಧಿಸಿದಳು. ಯಂಗನು ಅನುಕರಿಸಲೊಲ್ಲದೆ ಕೆಲವೇ ತಿಂಗಳುಗಳಲ್ಲಿ ಮೇಳವನ್ನು ತ್ಯಜಿಸಿದನು. ಅವನು ಮೆಚ್ಚಿದ ಮಾದರಿಯೇ ಬೇರೆ. ಅದು ಫ್ರ್ಯಾಂಕಿ ಟ್ರಂಬೌವರನ ಹಗುರವಾದ ವಾದನ. ಆದುದರಿಂದ ಆ ಕೃಶತೆಯು ಅಶಕ್ತಿಯಿಂದ ಬಂದುದಲ್ಲ, ಬುದ್ಧಿಪೂರ್ವಕವಾಗಿ ವರಿಸಿದುದು. ಆದರೆ ಬುದ್ಧಿಪೂರ್ವಕವೆಂಬ ಮಾತ್ರಕ್ಕೆ ದೋಷವು ಗುಣವಾಗದು; ಅದಕ್ಕೆ ಕೃತಿಯೇ ಪ್ರಮಾಣ.

1936ರ ನವೆಂಬರ್ 9ರಂದು ಷಿಕಾಗೊ ನಗರದಲ್ಲಿ ಕೌಂಟ್ ಬೇಸಿಯೊಡನೆ ನಾಲ್ವರು ವಾದಕರು ‘ಓ ಲೇಡಿ ಬಿ ಗುಡ್’ ಎಂಬ ಗರ್ಷ್ವಿನ್ನನ ಗೀತವನ್ನು ಮುದ್ರಿಸಿದರು. ಅದರಲ್ಲಿ ಯಂಗನ ಪಾಲು ಎರಡು ಆವರ್ತ. ಆವರ್ತವೊಂದಕ್ಕೆ ನಾಲ್ಕೆಣಿಕೆಯ 32 ಖಂಡಗಳಂತೆ ಒಟ್ಟು 64 ಖಂಡ. 1939ರ ಅಕ್ಟೋಬರ್ 11ರಂದು ಹಾಕಿನ್ಸನು ನ್ಯೂಯಾರ್ಕಿನಲ್ಲಿ ಮುದ್ರಿಸಿದ ‘ಬಾಡಿ ಅಂಡ್ ಸೋಲ್’ನಲ್ಲಿಯೂ ಪರಿಮಾಣ ಅಷ್ಟೇ. ಆದಕಾರಣ ಎರಡನ್ನೂ ತೂಗಿನೋಡಲು ಅನುಕೂಲವಾಗಿದೆ. ಹಾಕಿನ್ಸನಲ್ಲಿ ಮೂಲದ ಮಟ್ಟು ಆರಂಭದಲ್ಲಿ ತುಸು ತೋರಿ ಮರೆಯಾಗುತ್ತದೆ. ಬಳಿಕ ಅವನು ಪ್ರತಿಯೊಂದು ‘ಕಾರ್ಡ್’ನ, ಎಂದರೆ ಏಕಕಾಲದಲ್ಲಿ ನುಡಿಯುವ ಸ್ವರಸಮೂಹದ, ಅವಯವಗಳನ್ನು ಬಿಡಿಸಿ ಒಂದರೊಡನೊಂದನ್ನು ಹೆಣೆಯುತ್ತಾನೆ, ಕಂಪಿತವು ವಿಸ್ತಾರವಾಗಿದೆ, ನಾದವು ಏರುತ್ತ ಏರುತ್ತ ತುಂಬುತ್ತದೆ. ಯಂಗನಾದರೋ ಕಾರ್ಡುಗಳನ್ನು ಒಂದೊಂದಾಗಿ ಎಣಿಸಿ ಒಪ್ಪಿಸದೆ, ಅವುಗಳ ಮೇಲೆ ತೇಲುವ ಒಂದು ದೀರ್ಘರೇಖೆಯನ್ನು ಎಳೆಯುತ್ತಾನೆ. ಕಂಪಿತವು ಅತ್ಯಲ್ಪ. ನಡುನಡುವಿನ ವಿರಾಮವೂ ವಾಕ್ಯದ ಅಂಗವಾಗಿದೆ. ಒಂದೇ ಸ್ವರವನ್ನು ಬೇರೆ ಬೇರೆ ಬೆರಳಿಡುವಿಕೆಯಿಂದ ಮರಳಿ ಮರಳಿ ನುಡಿಸಿ ಅದರ ಬಣ್ಣವನ್ನು ಬದಲಿಸುವುದೂ ಅವನ ವಾದನದಲ್ಲಿ ಉಂಟು. ಶಬ್ದವು ಅದೇ ಆಗಿ ಕಾಕುವಿನಿಂದ ಭಾವವು ಬೇರೆಯಾಗುವಂತೆ ಇದು.

ಸಮಾಸಬಾಹುಳ್ಯವೇ ಓಜಸ್ಸೆಂದು ದಂಡಿಯ ಮತ. ಹಾಕಿನ್ಸನ ವಾದನವು ಅಂತಹ ಓಜಸ್ಸಿನಿಂದ ಬಾಳುತ್ತದೆ. ಯಂಗನ ಬಾಳು ಪ್ರಸಾದದಲ್ಲಿದೆ. ದಕ್ಷಿಣೋತ್ತರ ಮಾರ್ಗಗಳ ಭೇದವನ್ನು ನಮ್ಮ ಕವಿರಾಜಮಾರ್ಗವೂ ನಿರೂಪಿಸಿದೆ. ಒಂದು ಮಾರ್ಗದ ಲಕ್ಷಣವನ್ನು ಕೈಯಲ್ಲಿ ಹಿಡಿದು ಮತ್ತೊಂದು ಮಾರ್ಗದಲ್ಲಿ ಅದರ ಅಭಾವವನ್ನು ದೋಷವೆಂದು ಎಣಿಸುವುದು ವಿಮರ್ಶೆಯಾಗದು. ಹೆಂಡರ್ಸನನ ಮೇಳದವರು ಮಾಡಿದುದು ಇದನ್ನೇ.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಯಂಗನ ಕೃತಿಯು ದ್ರುತಕಾಲದ್ದು, ಹಾಕಿನ್ಸನದು ವಿಳಂಬದ್ದು, ಭೇದವು ಕಾಲದಿಂದ ಬಂದುದೇ ಹೊರತು ಮಾರ್ಗದಿಂದಲ್ಲವಷ್ಟೆ? ಹಾಗಲ್ಲ. 1945ರ ಡಿಸೆಂಬರಿನಲ್ಲಿ ಯಂಗನು ಮುದ್ರಿಸಿದ ‘ದೀಸ್ ಫೂಲಿಷ್ ಥಿಂಗ್ಸ್’ ವಿಳಂಬಗೀತವೇ. ಅಲ್ಲಿಯೂ ಅವನು ತುಂಬುವುದಿಲ್ಲ, ಬಿಡುತ್ತಾನೆ. ಮೂಲದ ಮಟ್ಟನ್ನು ಹೆಚ್ಚಾಗಿ ಸೂಚನೆಯಿಂದಲೇ ಉಳಿಸುತ್ತಾನೆ. ನುಡಿಸುವವನು ಗೀತದ ಮಾತುಗಳನ್ನೂ ಅರಿತಿರಬೇಕೆಂಬುದು ಅವನ ಅಭಿಪ್ರಾಯವಾಗಿತ್ತು. ಹೇಳದೆ ಉಳಿಸಿದ ಆ ಅರ್ಥವೇ ಇಲ್ಲಿ ಧ್ವನಿಸುತ್ತದೆ.

ಈ ಕೃತಿಗೆ ಇನ್ನೊಂದು ಮಹತ್ವವೂ ಇದೆ. ಯಂಗನು 1944ರಲ್ಲಿ ಸೈನ್ಯಕ್ಕೆ ಸೇರಿಸಲ್ಪಟ್ಟು, 1945ರಲ್ಲಿ ಸೈನಿಕ ನ್ಯಾಯಾಲಯದಿಂದ ದಂಡಿತನಾಗಿ ಬಂಧನದಲ್ಲಿದ್ದನು. ಆಮೇಲಿನ ಅವನ ವಾದನವೆಲ್ಲ ಪತನವೆಂದು ಹಲವರು ಬರೆದಿದ್ದಾರೆ. ಅವನು ಪಟ್ಟ ದುಃಖವು ದಿಟ, ನಾದವು ಮೊದಲಿಗಿಂತ ಮಬ್ಬಾದುದೂ ದಿಟ. ಆದರೆ ಕವಿಯ ಚರಿತ್ರೆಯಿಂದ ಕಾವ್ಯದ ಬೆಲೆಯನ್ನು ಕಟ್ಟುವುದು ತರವಲ್ಲ. ಬಿಡುಗಡೆಯಾದ ವರ್ಷದಲ್ಲಿಯೇ ಮುದ್ರಿತವಾದ ಈ ಒಂದು ಕೃತಿಯು ಆ ಸಾಮಾನ್ಯೋಕ್ತಿಯನ್ನು ಬಾಧಿಸಲು ಸಾಕು.

ತುಂಬುವ ಶಕ್ತಿಯಂತೆ ಬಿಡುವ ಶಕ್ತಿಯೂ ಪ್ರತಿಭೆಯೇ. ಕಾವ್ಯವನ್ನು ಬೋಧಿಸುವವರು ಈ ಮೂರು ಧ್ವನಿಮುದ್ರಿಕೆಗಳನ್ನು ಒಂದಾದ ಮೇಲೊಂದರಂತೆ ಕೇಳಿದರೆ, ಮಾರ್ಗವೆಂಬ ನಮ್ಮ ಹಳೆಯ ಪರಿಭಾಷೆಯು ಶಬ್ದಮಾತ್ರವಲ್ಲವೆಂಬುದು ಕಿವಿಗೇ ವೇದ್ಯವಾಗುವುದು.