ಊರಿಲ್ಲದ ತಂಡಗಳು

ನಮ್ಮ ಕೆರೆಗೆ ಎರಡು ಹೆಸರು. ಸರ್ಕಾರದ ಕಾಗದದಲ್ಲಿ ಶಾಂತಿಸಾಗರ, ಚನ್ನಗಿರಿ ಬಸ್ಸಿನ ಕಂಡಕ್ಟರನ ಬಾಯಲ್ಲಿ ಸೂಳೆಕೆರೆ. ಮದುವೆಯಾಗಿ ಈ ಕಡೆ ಬಂದ ಹೊಸದರಲ್ಲಿ ಆ ಎರಡನೆಯ ಹೆಸರು ಹೇಳಿ ಟಿಕೆಟ್ ಕೇಳಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಆಮೇಲೊಂದು ದಿನ ಅತ್ತೆ ಕಥೆ ಹೇಳಿದರು. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ನೀರು ನಿಲ್ಲಬೇಕಾದ ನೆಲ ಸೂಳೆಯರದಾಗಿತ್ತಂತೆ. ಬಿಟ್ಟುಕೊಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರೇ ಇಡಬೇಕು ಎಂದು ಅವರು ಪಟ್ಟು ಹಿಡಿದರಂತೆ. ಕಥೆ ಕಥೆಯೇ ಇರಲಿ, ನೆಲ ಮುಳುಗಿದರೂ ಹೆಸರು ಮುಳುಗಬಾರದು ಎಂದು ಯೋಚಿಸಿದ ಆ ಹೆಂಗಸರ ಬಗ್ಗೆ ನನಗೆ ಅಂದಿನಿಂದ ಗೌರವ. ಈಗ ನಾನೂ ಸೂಳೆಕೆರೆ ಎಂದೇ ಟಿಕೆಟ್ ಕೇಳುತ್ತೇನೆ.

ಹೆಸರಿನ ಈ ವಿಚಾರ ನನ್ನ ತಲೆಯಲ್ಲಿ ಮತ್ತೆ ಎದ್ದು ಕೂತದ್ದು ಕಬಡ್ಡಿಯ ದೆಸೆಯಿಂದ.

2016ರ ಮಳೆಗಾಲ. ಟಿವಿಯಲ್ಲಿ ಪ್ರೊ ಕಬಡ್ಡಿಯ ನಾಲ್ಕನೆಯ ಋತು ನಡೆಯುತ್ತಿತ್ತು. ನಮ್ಮ ಮನೆಗೆ ಹಾಲು ತರುತ್ತಿದ್ದ ಹುಡುಗಿಯೊಬ್ಬಳಿದ್ದಳು, ಆಗ ಒಂಬತ್ತನೇ ಕ್ಲಾಸು. ಶಾಲೆಯ ತಂಡದಲ್ಲಿ ಕ್ಯಾಚು ಹಿಡಿಯುವವಳು. ಎದುರಾಳಿಯ ಹಿಮ್ಮಡಿಗೆ ಅವಳ ಕೈ ಬಿತ್ತೆಂದರೆ ಮುಗಿಯಿತು, ಬಿಡಿಸಿಕೊಂಡು ಹೋದವರಿಲ್ಲ. ಸಂಜೆ ಹಾಲಿನ ಕ್ಯಾನು ಜಗಲಿಯ ಮೇಲಿಟ್ಟು ನಮ್ಮ ನಡುಮನೆಯ ಬಾಗಿಲಿಗೆ ಒರಗಿ ಪಂದ್ಯ ನೋಡುತ್ತಿದ್ದಳು. ಬೆಂಗಳೂರು ಬುಲ್ಸ್ ಆಡಿದರೆ ಅವಳ ಕೂಗಿಗೆ ಒಲೆಯ ಮುಂದಿದ್ದ ನಾನು ಬೆಚ್ಚಿಬೀಳಬೇಕು. ಅದೇ ಋತುವಿನ ನಡುವೆ ಮೊಟ್ಟಮೊದಲ ಬಾರಿಗೆ ಹೆಣ್ಣುಮಕ್ಕಳ ಪಂದ್ಯಗಳನ್ನೂ ಇಟ್ಟರು. ವುಮೆನ್ಸ್ ಕಬಡ್ಡಿ ಚಾಲೆಂಜ್ ಎಂದು ಅದರ ಹೆಸರು. ತಂಡಗಳು ಮೂರೇ ಮೂರು: ಫೈರ್ ಬರ್ಡ್ಸ್, ಐಸ್ ಡಿವಾಸ್, ಸ್ಟಾರ್ಮ್ ಕ್ವೀನ್ಸ್.

ಮೊದಲ ಪಂದ್ಯ ಶುರುವಾದ ಐದು ನಿಮಿಷಕ್ಕೆ ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು, "ಅಕ್ಕಾ, ಇದ್ರಾಗೆ ನಮ್ಮೋರು ಯಾರು?"

ನನಗೆ ಉತ್ತರ ಹೊಳೆಯಲಿಲ್ಲ. ಬೆಂಕಿಯ ಹಕ್ಕಿಗಳು, ಮಂಜಿನ ಬೆಡಗಿಯರು, ಬಿರುಗಾಳಿಯ ರಾಣಿಯರು. ಇವರದು ಯಾವ ಊರು?

ತಮಾಷೆಯೆಂದರೆ, ನಮ್ಮವರು ಇದ್ದರು. ಇದ್ದದ್ದಷ್ಟೇ ಅಲ್ಲ, ಮೂವರು ನಾಯಕಿಯರಲ್ಲಿ ಇಬ್ಬರು ಕನ್ನಡತಿಯರು. ಫೈರ್ ಬರ್ಡ್ಸ್‌ನ ಮಮತಾ ಪೂಜಾರಿ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯವರು. 2012ರಲ್ಲಿ ಪಾಟ್ನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. ಸ್ಟಾರ್ಮ್ ಕ್ವೀನ್ಸ್‌ನ ತೇಜಸ್ವಿನಿ ಬಾಯಿ ಬೆಂಗಳೂರಿನವರು. ಇಬ್ಬರೂ 2010ರಲ್ಲಿ ಗುವಾಂಗ್‌ಝೌನಲ್ಲಿ, 2014ರಲ್ಲಿ ಇಂಚಿಯಾನ್‌ನಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದವರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. ಇಬ್ಬರಿಗೂ ಅನ್ನ ಹಾಕಿದ್ದು ರೈಲ್ವೆಯ ನೌಕರಿ. ಇಂಥ ಇಬ್ಬರನ್ನು ಎದುರುಬದುರು ನಿಲ್ಲಿಸಿಯೂ ನಮ್ಮ ನಡುಮನೆಯಲ್ಲಿ ಒಂದು ಕೂಗು ಹುಟ್ಟಲಿಲ್ಲವೆಂದರೆ ತಪ್ಪು ಆಟದ್ದಲ್ಲ. ಗಂಡಸರ ತಂಡಗಳಿಗೆ ಬೆಂಗಳೂರು, ಪಾಟ್ನಾ, ಪುಣೆ, ಜೈಪುರ ಎಂದು ಊರು ಕೊಟ್ಟವರು ಹೆಣ್ಣುಮಕ್ಕಳ ತಂಡಕ್ಕೆ ಸೀರೆಯಂಗಡಿಯ ಫಲಕದಂಥ ಹೆಸರು ಕೊಟ್ಟರು. ಡಿವಾ, ಕ್ವೀನ್! ಹಿಮ್ಮಡಿ ಹಿಡಿದು ಮಣ್ಣು ಮುಕ್ಕಿಸುವ ಹೆಣ್ಣನ್ನು ರಾಣಿ ಎಂದು ಕರೆದರೆ ಅವಳಿಗೆ ಸಿಕ್ಕಿದ್ದೇನು? ತವರು ಕೇಳಿದರೆ ಒಡವೆ ಕೊಟ್ಟು ಕಳಿಸಿದ ಹಾಗಾಯಿತು.

ಜುಲೈ 31ರಂದು ಹೈದರಾಬಾದಿನಲ್ಲಿ ಫೈನಲ್. ಗಂಡಸರ ಫೈನಲ್ಲೂ ಅಂದೇ. ತೇಜಸ್ವಿನಿಯ ತಂಡ ಮಮತಾರ ತಂಡವನ್ನು 24-23ರಿಂದ ಸೋಲಿಸಿತು. ಒಂದೇ ಒಂದು ಅಂಕ! ಕಬಡ್ಡಿ ಬಲ್ಲವರಿಗೆ ಗೊತ್ತು, ಇಂಥ ಫೈನಲ್ ಹತ್ತು ವರ್ಷ ಕಟ್ಟೆಯ ಮೇಲೆ ಕೂತು ಮಾತಾಡುವಂಥದ್ದು. ಆದರೆ ಕಟ್ಟೆಯ ಮೇಲೆ ಮಾತಾಡಲು ಎರಡು ಬಣ ಬೇಕು. ಸೋತ ಊರಿನವರು ಗೆದ್ದ ಊರಿನವರನ್ನು ಹಂಗಿಸಬೇಕು. ಇಲ್ಲಿ ಸೋತ ಊರೂ ಇರಲಿಲ್ಲ, ಗೆದ್ದ ಊರೂ ಇರಲಿಲ್ಲ.

"ಮುಂದಿನ ವರ್ಷ ಯಾವಾಗಂತೆ ಅಕ್ಕಾ?" ಎಂದು ಹುಡುಗಿ 2017ರಲ್ಲಿ ಕೇಳಿದಳು. ಗಂಡಸರ ತಂಡಗಳು ಆ ವರ್ಷ ಹನ್ನೆರಡಾದವು. ಹೆಂಗಸರ ಚಾಲೆಂಜಿನ ಎರಡನೆಯ ಋತು ಬರಲೇ ಇಲ್ಲ. 2018ರಲ್ಲೂ ಕೇಳಿದಳು. ಆಮೇಲೆ ಕೇಳಲಿಲ್ಲ. ದುಬೈನಲ್ಲಿ ಬೇರೆ ಯಾರೋ ಹೆಂಗಸರ ಲೀಗ್ ಒಂದನ್ನು ನಡೆಸಿದ್ದು 2023ರಲ್ಲಿ. ಅಷ್ಟರಲ್ಲಿ ಇವಳಿಗೆ ಹೊನ್ನಾಳಿ ಕಡೆ ಮದುವೆಯಾಗಿತ್ತು.

ಒಂದು ತಿಂಗಳ ಪ್ರಯೋಗಕ್ಕೆ ಇಷ್ಟು ಸಿಟ್ಟೇಕೆ, ಟಿವಿಯಲ್ಲಿ ತೋರಿಸಿದ್ದೇ ದೊಡ್ಡದಲ್ಲವೇ ಎಂದು ನನ್ನ ಯಜಮಾನರು ಅಂದದ್ದುಂಟು. ನನಗೂ ಹಾಗೇ ಅನ್ನಿಸುತ್ತಿತ್ತು, ಟೊರಾಂಟೊದಲ್ಲಿರುವ ಅಕ್ಕನ ಮಗಳು ಒಂದು ಫೋಟೊ ಕಳಿಸುವ ತನಕ.

ಅಲ್ಲಿ ಐಸ್ ಹಾಕಿ ಎಂಬ ಆಟ. ಗಟ್ಟಿಮಂಜಿನ ಅಂಕಣದ ಮೇಲೆ ಕಾಲಿಗೆ ಅಲಗು ಕಟ್ಟಿಕೊಂಡು ಜಾರುತ್ತ, ಕೋಲಿನಿಂದ ರಬ್ಬರಿನ ಬಿಲ್ಲೆಯನ್ನು ಗೋಲಿಗೆ ಹೊಡೆಯುವುದು. ಒಂದು ಕಡೆಗೆ ಆರು ಜನ. ಆ ದೇಶದವರಿಗೆ ಅದು ನಮ್ಮ ಕಬಡ್ಡಿಯ ಹಾಗೆ, ಮನೆಯ ಹಿಂದೆ ಹೆಪ್ಪುಗಟ್ಟಿದ ನೀರಿನ ಮೇಲೆ ಕಲಿಯುವ ಆಟ. ಹೆಂಗಸರ ಹೊಸ ವೃತ್ತಿಪರ ಲೀಗ್ ಅಲ್ಲಿ ಶುರುವಾದದ್ದು 2024ರ ಜನವರಿ 1ರಂದು. ಆರು ತಂಡ: ಟೊರಾಂಟೊ, ಮಾಂಟ್ರಿಯಲ್, ಒಟ್ಟಾವಾ, ಬೋಸ್ಟನ್, ನ್ಯೂಯಾರ್ಕ್, ಮಿನೆಸೋಟ. ಅಷ್ಟೇ. ಹಕ್ಕಿಯೂ ಇಲ್ಲ, ರಾಣಿಯೂ ಇಲ್ಲ. ತರಾತುರಿಯಲ್ಲಿ ಶುರುಮಾಡಿದ್ದರಿಂದ ಅಡ್ಡಹೆಸರು ಇಡಲು ಪುರಸೊತ್ತಾಗದೆ ಮೊದಲ ಋತುವಿನಲ್ಲಿ ಅಂಗಿಯ ಎದೆಯ ಮೇಲೆ ಊರಿನ ಹೆಸರನ್ನು ಓರೆಯಾಗಿ ಬರೆದು ಆಡಿಸಿಬಿಟ್ಟರು. ನಮ್ಮವರು ಊರು ಬಿಟ್ಟು ಹೆಸರಿಟ್ಟರು, ಅವರು ಹೆಸರು ಬಿಟ್ಟು ಊರಿಟ್ಟರು. ಸೆಪ್ಟೆಂಬರಿನಲ್ಲಿ ಅಡ್ಡಹೆಸರುಗಳೂ ಬಂದವು, ಫ್ರಾಸ್ಟ್, ಸೆಪ್ಟರ್ಸ್, ಸೈರನ್ಸ್ ಎಂದು. ಆದರೆ ಊರು ಮೊದಲು, ಹಕ್ಕಿ ಪಕ್ಕಿ ಆಮೇಲೆ.

ಆ ಫೆಬ್ರವರಿಯಲ್ಲಿ ಟೊರಾಂಟೊ ಮತ್ತು ಮಾಂಟ್ರಿಯಲ್ ಆಡಿದ ಪಂದ್ಯಕ್ಕೆ 19,285 ಜನ ಸೇರಿದ್ದರು. ಅವರಲ್ಲಿ ನಮ್ಮ ಹುಡುಗಿಯೂ ಒಬ್ಬಳು. ಏಪ್ರಿಲಿನಲ್ಲಿ ಮಾಂಟ್ರಿಯಲ್‌ನಲ್ಲಿ ಅದೇ ಎರಡು ತಂಡಗಳಿಗೆ 21,105 ಜನ. "ನೀನು ಚಿಕ್ಕವಳಿದ್ದಾಗ ಥ್ರೋಬಾಲ್ ನೋಡಲೂ ಬರುತ್ತಿರಲಿಲ್ಲ, ಇದಕ್ಕೆ ಯಾಕೆ ಹೋದೆಯೇ?" ಎಂದು ಫೋನಿನಲ್ಲಿ ಕೇಳಿದೆ. "ಎದೆ ಮೇಲೆ ನಮ್ಮೂರ ಹೆಸರಿತ್ತು ಚಿಕ್ಕಮ್ಮಾ" ಅಂದಳು. ಯಾವುದು, ದಾವಣಗೆರೆಯೋ ಎಂದು ಕೇಳಿ ನಕ್ಕೆ. ಅವಳು ನಗಲಿಲ್ಲ.

ಊರಿನ ಹೆಸರೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದರೆ ನನ್ನ ಮಾತು ಸುಳ್ಳಾದೀತು. ಅದೇ ಕೆನಡಾದಲ್ಲಿ 2007ರಿಂದ ನಡೆದಿದ್ದ ಹೆಂಗಸರ ಲೀಗ್ 2019ರಲ್ಲಿ ಹಣವಿಲ್ಲದೆ ಬಾಗಿಲು ಹಾಕಿತು. ಅದರ ತಂಡಗಳಿಗೂ ಊರಿತ್ತು. ದೊಡ್ಡ ಆಟಗಾರ್ತಿಯರು ಆಗ ಒಟ್ಟಾಗಿ, ನೆಟ್ಟಗಿನ ಲೀಗ್ ಬರುವ ತನಕ ಉತ್ತರ ಅಮೆರಿಕದಲ್ಲಿ ಯಾವ ಲೀಗಿನಲ್ಲೂ ಆಡುವುದಿಲ್ಲ ಎಂದು ಕೂತರು. ಹೊಸದರಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 35,000 ಡಾಲರ್ ಎಂದು ಬರೆಸಿಕೊಂಡೇ ಅಂಕಣಕ್ಕೆ ಇಳಿದದ್ದು. ಗೆದ್ದವರಿಗೆ ಕೊಡುವ ಕಪ್ಪಿಗೆ ಮಾತ್ರ ಹಣ ಹಾಕಿದ ವಾಲ್ಟರ್ ಮನೆತನದ ಹೆಸರು. ಆ ವಾಲ್ಟರ್ ಕಪ್ಪನ್ನು 2024ರಲ್ಲಿ, 2025ರಲ್ಲಿ ಎರಡು ಸಲವೂ ಮಿನೆಸೋಟದವರು ಒಯ್ದರು.

ನಮ್ಮಲ್ಲೂ ಇಂಥದ್ದು ಆಗುವುದಿಲ್ಲ ಎನ್ನಬೇಡಿ. ಕ್ರಿಕೆಟ್ಟಿನಲ್ಲಿ ಆಯಿತಲ್ಲ. 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿನ ತಂಡ ಮೊದಲ ಐದು ಪಂದ್ಯಗಳನ್ನೂ ಸೋತಿತು, ಎಂಟರಲ್ಲಿ ಗೆದ್ದದ್ದು ಎರಡು. 2024ರ ಮಾರ್ಚ್ 17ರಂದು ದೆಹಲಿಯವರನ್ನು ದೆಹಲಿಯಲ್ಲೇ 113ಕ್ಕೆ ಉರುಳಿಸಿ ಕಪ್ ಹಿಡಿಯಿತು. ನಮ್ಮ ಶ್ರೇಯಾಂಕಾ ಪಾಟೀಲಳಿಗೆ 12 ರನ್ನಿಗೆ ನಾಲ್ಕು ವಿಕೆಟ್. ನಾಯಕಿ ಸ್ಮೃತಿ ಮಂಧಾನ ಸಾಂಗ್ಲಿ ಕಡೆಯವಳು, ಎಲಿಸ್ ಪೆರ್ರಿ ಆಸ್ಟ್ರೇಲಿಯದವಳು. ಆದರೂ ಆ ರಾತ್ರಿ ಚನ್ನಗಿರಿಯಲ್ಲೂ ಪಟಾಕಿ ಹೊಡೆದರು. ಆ ತಂಡದ ಹೆಸರಿನ ಮೊದಲರ್ಧ ಬಂದದ್ದು ಒಂದು ವಿಸ್ಕಿಯ ಬಾಟಲಿಯಿಂದ. ಯಾರಿಗೆ ಅದರ ಲೆಕ್ಕ? ಕೊನೆಯ ಪದ ಸಾಕಾಗಿತ್ತು. ಎರಡು ದಿನ ಬಿಟ್ಟು ಆ ಪದವನ್ನೂ ಬ್ಯಾಂಗಲೋರ್ ಇದ್ದದ್ದನ್ನು ಬೆಂಗಳೂರು ಎಂದು ತಿದ್ದಿದರು.

ಕಬಡ್ಡಿಯ ಹೆಣ್ಣುಮಕ್ಕಳು ಆಟದಲ್ಲಿ ಏನೂ ಹಿಂದೆ ಬಿದ್ದಿಲ್ಲ. 2018ರಲ್ಲಿ ಜಕಾರ್ತದಲ್ಲಿ ಇರಾನಿಗೆ ಸೋತು ಚಿನ್ನ ಬಿಟ್ಟುಕೊಟ್ಟವರು, 2023ರಲ್ಲಿ ಹಾಂಗ್‌ಝೌನಲ್ಲಿ ಒಂದೇ ಅಂಕದಿಂದ ಅದನ್ನು ಮರಳಿ ತಂದರು. 2025ರ ನವೆಂಬರಿನಲ್ಲಿ ಢಾಕಾದಲ್ಲಿ ವಿಶ್ವಕಪ್ ಗೆದ್ದರು. ದೇಶದ ಹೆಸರಿನಲ್ಲಿ ಆಡಲು ಅವರಿಗೆ ಅಡ್ಡಿಯಿಲ್ಲ. ವರ್ಷವರ್ಷವೂ ಕಾಯುವಂತೆ ಒಂದು ಊರಿನ ಹೆಸರಿನಲ್ಲಿ ಆಡಿಸುವವರಿಲ್ಲ.

ವಿಶ್ವಕಪ್ಪಿನ ಸುದ್ದಿ ಹಸಿಯಿದ್ದಾಗಲೇ ಕೆರೆಯ ದಂಡೆಯ ಹಳ್ಳಿಯೊಂದರಲ್ಲಿ ಹೊನಲು ಬೆಳಕಿನ ಕಬಡ್ಡಿ ಇತ್ತು. ಬ್ಯಾನರಿನ ತುಂಬ ಹಳ್ಳಿಗಳ ಹೆಸರು, ಎಲ್ಲವೂ ಗಂಡಸರ ತಂಡ. ನಡುವೆ ಹುಡುಗಿಯರದೊಂದು ಪ್ರದರ್ಶನ ಪಂದ್ಯ. ಹಾಲಿನ ಹುಡುಗಿ ತವರಿಗೆ ಬಂದಿದ್ದಳು, ಸೊಂಟದಲ್ಲಿ ಮಗು. ನನ್ನ ಪಕ್ಕದಲ್ಲೇ ನಿಂತಿದ್ದಳು. ಮೈಕಿನವನು, "ಈಗ ಮಹಿಳೆಯರ ಎ ತಂಡ ಮತ್ತು ಬಿ ತಂಡ ಅಂಕಣಕ್ಕೆ ಬರಬೇಕಾಗಿ ವಿನಂತಿ" ಎಂದ.

"ಊರು ಹೇಳ್ರೀ!" ಎಂದು ಇವಳು ಕೂಗಿದಳು. ಮಗು ಬೆಚ್ಚಿ ಅಳತೊಡಗಿತು.

ಮೈಕಿನವನು ಒಂದು ಗಳಿಗೆ ಸುಮ್ಮನಾದ. ಮೈಕನ್ನು ಅಂಗೈಯಿಂದ ಮುಚ್ಚಿಕೊಂಡು ಮೊದಲ ತಂಡದ ಹುಡುಗಿಯನ್ನು ಹತ್ತಿರ ಕರೆದು ಏನೋ ಕೇಳಿದ. ಅವಳು ಕೆರೆಯ ಆಚೆ ದಡದ ಕಡೆ ಕೈ ತೋರಿಸುತ್ತಿದ್ದಳು.