ಗೆರೆಯ ಮೇಲೆ ಬೇಡದ ನಡುಕ

ಆಸಿಲೋಸ್ಕೋಪಿನ ಪ್ರೋಬ್ ಮುಟ್ಟಿಸಿದ ಕಡೆಯಲ್ಲೆಲ್ಲ ಹತ್ತಾರು ಮೆಗಾಹರ್ಟ್ಸ್‌ನ ತರಂಗವೊಂದು ಕಾಣಿಸಿಕೊಂಡರೆ ಮೊದಲು ಪ್ರೋಬನ್ನೇ ಅನುಮಾನಿಸಬೇಕು. ಪರೀಕ್ಷೆ ಸುಲಭ. ಪ್ರೋಬಿನ ಮೊನೆಗೆ ಅದರದೇ ಗ್ರೌಂಡ್ ಕ್ಲಿಪ್ ಕಚ್ಚಿಸಿದರೆ ಗೆರೆ ನೆಟ್ಟಗಾಗಬೇಕು. ಆಗದಿದ್ದರೆ, ಮೊನೆಯೂ ಕ್ಲಿಪ್ಪಿನ ವೈರೂ ಸೇರಿ ಆದ ಕುಣಿಕೆಯೇ ಪುಟ್ಟ ಆಂಟೆನಾ ಆಗಿ ಸುತ್ತಲಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ ಎಂದರ್ಥ. ಕುಣಿಕೆಯನ್ನು ತಿರುಗಿಸಿದಂತೆ ತರಂಗ ಹಿಗ್ಗಿ ಕುಗ್ಗಿದರೆ ಸಂಶಯವೇ ಉಳಿಯುವುದಿಲ್ಲ.

ಅದು ಎಲ್ಲಿಂದ ಬಂತು ಎಂಬುದನ್ನು ತರಂಗದ ಚಹರೆಯೇ ಹೇಳುತ್ತದೆ. ಸೆಕೆಂಡಿಗೆ ಐವತ್ತು ಸಾವಿರದಿಂದ ಒಂದು ಲಕ್ಷ ಸಲ ಚಿಮ್ಮಿ ಚಿಮ್ಮಿ ಆರುವ ಗೊಂಚಲುಗಳಾದರೆ ಎಲ್‌ಇಡಿ ದೀಪದ್ದೋ ಲ್ಯಾಪ್‌ಟಾಪ್ ಚಾರ್ಜರಿನದ್ದೋ ಎಸ್‌ಎಂಪಿಎಸ್ ಕೆಲಸ. ಒಂದೊಂದನ್ನೇ ಪ್ಲಗ್ಗಿನಿಂದ ಕಿತ್ತು ನೋಡಿದರೆ ಕಳ್ಳ ಸಿಗುತ್ತಾನೆ. ಒಂದೊಂದು ಆವರ್ತಕ್ಕೆ 9ರಿಂದ 11 ನ್ಯಾನೊಸೆಕೆಂಡ್ ತೆಗೆದುಕೊಂಡು ಬಿಡುವಿಲ್ಲದೆ ಹರಿಯುವುದು ಬಹುತೇಕ ಎಫ್‌ಎಂ ರೇಡಿಯೊ. ಬೆಂಗಳೂರಿನ ವರ್ಕ್‌ಬೆಂಚಿನ ಮೇಲೆ ಆಕಾಶವಾಣಿಯ 101.3 ಹೀಗೆ ಇಣುಕಿದರೆ ಅಚ್ಚರಿಯಿಲ್ಲ. ಟೈಮ್‌ಬೇಸ್ ಬದಲಿಸಿದೊಡನೆ ಆವರ್ತನವೂ ಬದಲಾದರೆ ಅದು ಡಿಜಿಟಲ್ ಸ್ಕೋಪಿನ ಸ್ಯಾಂಪಲಿಂಗ್ ವೇಗ ಸಾಲದೆ ಹುಟ್ಟಿದ ಹುಸಿ ತರಂಗ.

ಇವೆಲ್ಲಕ್ಕಿಂತ ಮೋಸದ್ದು ಇನ್ನೊಂದಿದೆ. ಮೈಕ್ರೊಕಂಟ್ರೋಲರಿನ ಪಿನ್ನು 0ಯಿಂದ 5 ವೋಲ್ಟಿಗೆ ಜಿಗಿದ ಕೂಡಲೆ ಗೆರೆ ಅಲ್ಲಿ ನಿಲ್ಲದೆ, ಮೀಟಿ ಬಿಟ್ಟ ತಂತಿಯ ಹಾಗೆ ಮೇಲೆ ಕೆಳಗೆ ನಾಲ್ಕಾರು ಸಲ ತೂಗಿ ಸುಮ್ಮನಾಗುತ್ತದೆ. ಸರ್ಕ್ಯೂಟಿನದೇ ದೋಷವೆಂದು ನಂಬಿ ಕೆಪಾಸಿಟರ್ ಬದಲಿಸುತ್ತ ದಿನಗಟ್ಟಲೆ ಕಳೆಯುವವರಿದ್ದಾರೆ. ಲೆಕ್ಕ ಬೇರೆಯೇ ಇದೆ. ವೈರಿನ ಪ್ರತಿ ಸೆಂಟಿಮೀಟರಿಗೆ ಸುಮಾರು 10 ನ್ಯಾನೊಹೆನ್ರಿ ಎಂದರೆ 15 ಸೆಂಟಿಮೀಟರಿನ ಗ್ರೌಂಡ್ ವೈರಿಗೆ 150. ಪ್ರೋಬಿನ ಮೊನೆಯಲ್ಲಿರುವ ಸುಮಾರು 12 ಪಿಕೊಫ್ಯಾರಡ್ ಜತೆ ಅದು 120 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಆ ವೈರನ್ನು ಕಳಚಿ, ಮೊನೆಯ ಪಕ್ಕದಲ್ಲೇ ಒಂದು ಸೆಂಟಿಮೀಟರಿನ ಗ್ರೌಂಡ್ ಸ್ಪ್ರಿಂಗ್ ಸಿಕ್ಕಿಸಿದರೆ ಅನುರಣನ 450 ಮೆಗಾಹರ್ಟ್ಸ್ ದಾಟಿ ಹೋಗುತ್ತದೆ. ಸಾಮಾನ್ಯ ಪಿನ್ನಿನ ಜಿಗಿತಕ್ಕೆ ಅದನ್ನು ಎಬ್ಬಿಸುವಷ್ಟು ಚುರುಕಿಲ್ಲ, ನಡುಕ ಬಹುಮಟ್ಟಿಗೆ ಮಾಯ. ಈ ಸ್ಪ್ರಿಂಗ್ ಸಾಮಾನ್ಯವಾಗಿ ಪ್ರೋಬಿನ ಜತೆಗೇ ಬರುತ್ತದೆ. ಎಷ್ಟೋ ಲ್ಯಾಬುಗಳಲ್ಲಿ ಅದರ ಪುಟ್ಟ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿಯೇ ಇರುವುದಿಲ್ಲ ಎಂಬುದು ಬೇಸರದ ಸಂಗತಿ.

ಸ್ಪ್ರಿಂಗ್ ಹಾಕಿ ಮೊನೆಯನ್ನೂ ಗ್ರೌಂಡನ್ನೂ ಬೋರ್ಡಿನ ಒಂದೇ ಗ್ರೌಂಡ್ ಬಿಂದುವಿಗೆ ಮುಟ್ಟಿಸಿದಾಗಲೂ ತರಂಗ ಉಳಿದರೆ, ಕೇಬಲ್ಲಿನ ಹೊರಕವಚದಲ್ಲಿ ವಿದ್ಯುತ್ ಹರಿಯುತ್ತಿದೆ. ಕೇಬಲ್ಲನ್ನು ಫೆರೈಟ್ ಬಳೆಯೊಂದಕ್ಕೆ ಮೂರು ನಾಲ್ಕು ಸುತ್ತು ಸುತ್ತಿದರೆ ಅದು ತಗ್ಗುತ್ತದೆ. ಸ್ಕೋಪಿನ 20 ಮೆಗಾಹರ್ಟ್ಸ್ ಮಿತಿಯ ಗುಂಡಿ ಒತ್ತಿದರೂ ಗೆರೆ ತಿಳಿಯಾಗುತ್ತದೆ, ಆದರೆ ನಿಜವಾದ ದೋಷವಿದ್ದರೆ ಅದೂ ಮರೆಯಾಗುತ್ತದೆ.

ಈ ಪರೀಕ್ಷೆಗಳಲ್ಲೆಲ್ಲ ಗೆರೆ ನೆಟ್ಟಗಿದ್ದು, ಒಂದು ಬಿಂದುವಿನಲ್ಲಿ ಮಾತ್ರ ತರಂಗ ಕಂಡರೆ ಸರ್ಕ್ಯೂಟೇ ಆಂದೋಲಿಸುತ್ತಿರಬಹುದು. ಅದೇ ಜಾಗಕ್ಕೆ ಇನ್ನೊಂದು ಪ್ರೋಬ್ ಮುಟ್ಟಿಸಿದಾಗ ತರಂಗದ ರೂಪ ಬದಲಾದರೆ ಪ್ರೋಬಿನ ಕೆಪಾಸಿಟನ್ಸಿಗೂ ಅದರಲ್ಲಿ ಪಾಲಿದೆ. 1ಎಕ್ಸ್‌ನಲ್ಲಿ ಈ ಹೊರೆ 100 ಪಿಕೊಫ್ಯಾರಡ್ ಸುತ್ತಮುತ್ತ ಇರುವುದರಿಂದ 10ಎಕ್ಸ್ ಮೇಲು.

ನಡುಕ ಹೋಗಲೆಂದು ಸ್ಕೋಪಿನ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವುದು ಮಾತ್ರ ಎಂದಿಗೂ ಕೂಡದು. ಹಾಗೆ ಮಾಡಿದ ಮೇಲೆ ಗ್ರೌಂಡ್ ಕ್ಲಿಪ್ ಮೇನ್ಸಿನ ಫೇಸಿಗೆ ತಗುಲಿದರೆ ಸ್ಕೋಪಿನ ಲೋಹದ ಭಾಗಗಳಿಗೆಲ್ಲ 230 ವೋಲ್ಟ್ ಬಂದು ನಿಲ್ಲುತ್ತದೆ.